ಮರಣದ ನಂತರದ ನಿರೀಕ್ಷೆ: ‘ಎಕ್ಸ್‌ಮೆನ್ ’97’ ಧಾರಾವಾಹಿಯ ಒಂದು ಕಂತು ಮತ್ತು ನೋಡುಗರ ಕರುಣರಸಾನುಭವ

1. ಪ್ರಸ್ತಾವನೆ

ಕಾವ್ಯವನ್ನು ಓದುವವನ, ನಾಟ್ಯವನ್ನು ನೋಡುವವನ ಚಿತ್ತದಲ್ಲಿ ನಡೆಯುವ ವ್ಯಾಪಾರವೇನು ಎಂಬುದು ಭಾರತೀಯ ಕಾವ್ಯಮೀಮಾಂಸೆಯ ಮೂಲಭೂತ ಪ್ರಶ್ನೆಗಳಲ್ಲೊಂದು. ಭರತನ ರಸಸೂತ್ರಕ್ಕೆ ಭಟ್ಟಲೋಲ್ಲಟ, ಶ್ರೀಶಂಕುಕ, ಭಟ್ಟನಾಯಕ, ಅಭಿನವಗುಪ್ತರು ನೀಡಿದ ವಿವರಣೆಗಳೆಲ್ಲವೂ ಈ ಪ್ರಶ್ನೆಯ ಸುತ್ತಲೇ ಬೆಳೆದವು. ಕನ್ನಡದಲ್ಲಿಯೂ ಸಾಳ್ವನ ‘ರಸರತ್ನಾಕರ’ದಿಂದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯವರೆಗೆ ರಸವಿಚಾರದ ಒಂದು ಅಖಂಡ ಪರಂಪರೆಯಿದೆ. ಆದರೆ ಈ ಚರ್ಚೆಯಲ್ಲಿ ಲಕ್ಷ್ಯಗಳಾಗಿ ಬಳಕೆಯಾಗುವವು ಬಹುಮಟ್ಟಿಗೆ ಪ್ರಾಚೀನ ಕಾವ್ಯನಾಟಕಗಳೇ. ದಶಕಗಳ ಕಾಲ ಕಂತುಕಂತಾಗಿ ಹರಿದುಬರುವ, ಮುಗಿಯದ ಕಥನಗಳ ಮುಂದೆ ಕುಳಿತ ಇಂದಿನ ನೋಡುಗನ ಅನುಭವವನ್ನು ಇದೇ ಪರಿಭಾಷೆಯಲ್ಲಿ ಪರೀಕ್ಷಿಸುವ ಪ್ರಯತ್ನಗಳು ವಿರಳ.

ಪ್ರಸ್ತುತ ಲೇಖನದಲ್ಲಿ ಅಂಥದೊಂದು ಪರೀಕ್ಷೆಗೆ ಅಮೆರಿಕದ ‘ಎಕ್ಸ್‌ಮೆನ್ ’97’ ಎಂಬ ಸೂಪರ್‌ಹೀರೋ ಅನಿಮೇಶನ್ ಧಾರಾವಾಹಿಯ ಐದನೆಯ ಕಂತನ್ನು ಆರಿಸಿಕೊಳ್ಳಲಾಗಿದೆ. ‘ರಿಮೆಂಬರ್ ಇಟ್’ ಎಂಬ ಹೆಸರಿನ ಈ ಕಂತು 2024ರ ಏಪ್ರಿಲ್ 10ರಂದು ಬಿಡುಗಡೆಯಾಯಿತು. ಇದರಲ್ಲಿ ಬಹುಜನಪ್ರಿಯನಾದ ಒಬ್ಬ ನಾಯಕನ ಮರಣ ಸಂಭವಿಸುತ್ತದೆ. ಸತ್ತವರು ಮರಳಿ ಬರುವುದೇ ರೂಢಿಯಾಗಿರುವ ಕಥಾಪ್ರಕಾರವೊಂದರಲ್ಲಿ ಈ ಮರಣಕ್ಕೆ ನೋಡುಗರು ಏಕೆ ಅಷ್ಟು ತೀವ್ರವಾಗಿ ಶೋಕಿಸಿದರು, ಅವರ ಶೋಕದ ಸ್ವರೂಪ ಯಾವುದು ಎಂಬುದೇ ಇಲ್ಲಿನ ಪ್ರಶ್ನೆ. ಕರುಣ ಮತ್ತು ವಿಪ್ರಲಂಭಗಳ ನಡುವೆ ಭರತನು ಎಳೆದ ಗೆರೆ ಧಾರಾವಾಹಿ ಕಥನದಲ್ಲಿ ಪಾತ್ರದಿಂದ ನೋಡುಗನೆಡೆಗೆ ಸರಿಯುತ್ತದೆ ಎಂಬ ನಿಲುವನ್ನು ಲೇಖನವು ಪ್ರತಿಪಾದಿಸುತ್ತದೆ.

2. ಧಾರಾವಾಹಿ ಮತ್ತು ಅದು ರೂಪಿಸಿದ ನೋಡುಗ

ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಅವರು 1963ರಲ್ಲಿ ಮಾರ್ವೆಲ್ ಕಾಮಿಕ್ಸ್‌ಗಾಗಿ ಸೃಷ್ಟಿಸಿದ ‘ಎಕ್ಸ್‌ಮೆನ್’ ಹುಟ್ಟಿನಿಂದಲೇ ವಿಲಕ್ಷಣ ಶಕ್ತಿಗಳನ್ನು ಪಡೆದ ‘ಮ್ಯೂಟೆಂಟ್’ ಎಂಬ ಜನಾಂಗದ ಕಥೆ. ತಮ್ಮನ್ನು ದ್ವೇಷಿಸುವ, ತಮಗೆ ಅಂಜುವ ಮನುಷ್ಯಸಮಾಜವನ್ನೇ ಇವರು ರಕ್ಷಿಸಬೇಕಾಗುತ್ತದೆ. ಸಹಬಾಳ್ವೆಯನ್ನು ನಂಬುವ ಗುರು ಚಾರ್ಲ್ಸ್ ಝೇವಿಯರ್ ಹಾಗೂ ಅದನ್ನು ನಂಬದ ಮ್ಯಾಗ್ನೀಟೊ ಇವರಿಬ್ಬರ ವಾದವಿವಾದ ಈ ಕಥೆಯ ವೈಚಾರಿಕ ಬೆನ್ನೆಲುಬು. ಇದನ್ನಾಧರಿಸಿದ ಅನಿಮೇಶನ್ ಧಾರಾವಾಹಿ 1992ರ ಅಕ್ಟೋಬರ್ 31ರಿಂದ 1997ರ ಸೆಪ್ಟೆಂಬರ್ 20ರವರೆಗೆ ಅಮೆರಿಕದ ಫಾಕ್ಸ್ ಕಿಡ್ಸ್‌ನಲ್ಲಿ ಐದು ಆವೃತ್ತಿಗಳಲ್ಲಿ, 76 ಕಂತುಗಳಾಗಿ ಪ್ರಸಾರವಾಯಿತು. ‘ಎಕ್ಸ್‌ಮೆನ್ ’97’ ಅದೇ ಕಥೆಯ ಮುಂದುವರಿಕೆ. ಇದರ ಮೊದಲ ಆವೃತ್ತಿಯ ಹತ್ತು ಕಂತುಗಳು 2024ರ ಮಾರ್ಚ್ 20ರಿಂದ ಮೇ 15ರವರೆಗೆ ವಾರವಾರವೂ ಡಿಸ್ನಿ ಪ್ಲಸ್‌ನಲ್ಲಿ ಬಿಡುಗಡೆಯಾದವು.

ಎರಡು ಧಾರಾವಾಹಿಗಳ ನಡುವೆ ಇಪ್ಪತ್ತಾರು ವರ್ಷಗಳಿಗೂ ಮಿಕ್ಕ ಅಂತರವಿದೆ. ಕಥೆಯೊಳಗೆ ಮಾತ್ರ ಹೆಚ್ಚು ಕಾಲ ಕಳೆದಿಲ್ಲ. ಪಾತ್ರಗಳು ಇದ್ದಲ್ಲೇ ಇವೆ. ಅಂದು ಮಕ್ಕಳಾಗಿದ್ದ ನೋಡುಗರು ನಡುವಯಸ್ಸಿಗೆ ಬಂದಿದ್ದಾರೆ. 1992ರಲ್ಲಿ ರೋಗ್ ಎಂಬ ನಾಯಿಕೆಗೆ ದನಿ ನೀಡಿದ ಲೆನೋರ್ ಝಾನ್ ಅವರೇ 2024ರಲ್ಲಿಯೂ ದನಿ ನೀಡಿದ್ದಾರೆ ಎಂಬುದು ಈ ಸಂದರ್ಭದಲ್ಲಿ ಗಮನಾರ್ಹ. ನೋಡುಗನು ಬಾಲ್ಯದಲ್ಲಿ ಕೇಳಿದ ಅದೇ ಕಂಠ ಈಗ ಅವನ ಮುಂದೆ ರೋದಿಸುತ್ತದೆ. ಸಹೃದಯನ ಚಿತ್ತದಲ್ಲಿ ಸಂಸ್ಕಾರರೂಪವಾಗಿ ನೆಲೆಸಿರುವ ವಾಸನೆಗಳಿಲ್ಲದೆ ರಸಾಸ್ವಾದವಿಲ್ಲ ಎಂಬುದು ಅಭಿನವಗುಪ್ತನ ಮತ. ಅಲ್ಲಿ ವಾಸನೆಯೆಂದರೆ ಜನ್ಮಾಂತರದಿಂದ ಬಂದ ಸಾಮಾನ್ಯ ಮಾನುಷಭಾವಗಳ ಸಂಸ್ಕಾರ. ಧಾರಾವಾಹಿಯ ನೋಡುಗನಲ್ಲಾದರೋ ಅದರ ಮೇಲೆ ಕೃತಿಯೇ ಹಾಕಿದ ಇನ್ನೊಂದು ಪದರವಿರುತ್ತದೆ. ಕಾವ್ಯದ ಸತತ ಅನುಶೀಲನದಿಂದ ಮನಸ್ಸೆಂಬ ಕನ್ನಡಿ ತಿಳಿಯಾಗಬೇಕೆಂದು ಶಾಸ್ತ್ರವು ಹೇಳುತ್ತದೆ. ಈ ನೋಡುಗನ ಅನುಶೀಲನ ಒಂದೇ ಕಥೆಯದಾದರೂ ಅದು ಬಾಲ್ಯದಿಂದ ನಡೆದದ್ದು.

ಕುಂಚದಿಂದ ಬರೆದ ಆಕೃತಿಗಳು ಆಕಾಶದಲ್ಲಿ ಹಾರುವ ಕಥೆಯಲ್ಲಿ ರಸಕ್ಕೆ ಎಡೆಯೆಲ್ಲಿ ಎಂಬ ಆಕ್ಷೇಪ ಸಹಜವಾದುದೇ. ಅಭಿನವಗುಪ್ತನು ಎಣಿಸುವ ಏಳು ರಸವಿಘ್ನಗಳಲ್ಲಿ ಮೊದಲನೆಯದೇ ಸಂಭಾವನಾವಿರಹ, ಅಂದರೆ ಇದು ನಡೆಯಬಹುದೆಂಬ ಪ್ರತೀತಿಯ ಅಭಾವ. ಲೋಕಸಾಮಾನ್ಯವಾದ ವಸ್ತುವನ್ನು ಆರಿಸಿಕೊಳ್ಳುವುದರಿಂದ ಈ ವಿಘ್ನ ಪರಿಹಾರವಾಗುತ್ತದೆ. ಅಲೌಕಿಕ ಕಾರ್ಯಗಳನ್ನು ಚಿತ್ರಿಸಬೇಕಾದಾಗ ರಾಮಾದಿಗಳಂಥ ಪ್ರಖ್ಯಾತ ನಾಯಕರನ್ನು ಆಶ್ರಯಿಸಬೇಕು ಎಂಬುದು ಅವನು ಸೂಚಿಸುವ ಇನ್ನೊಂದು ಪರಿಹಾರ. ಬಹುಕಾಲದ ಪ್ರಸಿದ್ಧಿಯೇ ಅಲ್ಲಿ ನಂಬಿಕೆಯನ್ನು ಬೇರೂರಿಸುತ್ತದೆ. ಸೂಪರ್‌ಹೀರೋ ತನ್ನ ನೋಡುಗರ ಪಾಲಿಗೆ ಈ ಅರ್ಥದಲ್ಲಿ ‘ಪ್ರಖ್ಯಾತ’ ನಾಯಕ. ಅವನು ಹಾರುತ್ತಾನೆಯೇ ಎಂದು ಅವರು ಕೇಳುವುದಿಲ್ಲ. ಅವನು ಸಾಯುತ್ತಾನೆಯೇ ಎಂಬಲ್ಲಿ ಮಾತ್ರ ಅವರ ಅಪನಂಬಿಕೆ ತಲೆಯೆತ್ತುತ್ತದೆ.

3. ಕಂತಿನ ಕಥಾವಸ್ತು

ಐದನೆಯ ಕಂತಿನ ವೇಳೆಗೆ ಝೇವಿಯರ್ ಸತ್ತಿದ್ದಾನೆಂದು ಜಗತ್ತು ನಂಬಿದೆ. ಅವನ ಸ್ಥಾನದಲ್ಲಿ ಮ್ಯಾಗ್ನೀಟೊ ಇದ್ದಾನೆ. ಮ್ಯೂಟೆಂಟರ ಸ್ವತಂತ್ರ ದ್ವೀಪರಾಷ್ಟ್ರವಾದ ಜೆನೋಶಾಕ್ಕೆ ವಿಶ್ವಸಂಸ್ಥೆಯ ಮನ್ನಣೆ ದೊರಕುವ ಸಂಭ್ರಮ. ಆ ಸಮಾರಂಭಕ್ಕೆ ಮ್ಯಾಗ್ನೀಟೊ, ರೋಗ್ ಮತ್ತು ಗ್ಯಾಂಬಿಟ್ ತೆರಳುತ್ತಾರೆ. ರಾಷ್ಟ್ರದ ನಾಯಕತ್ವವನ್ನು ವಹಿಸಿಕೊಳ್ಳುವಂತೆ ಮ್ಯಾಗ್ನೀಟೊನನ್ನು ಕೋರಲಾಗುತ್ತದೆ. ರೋಗ್ ತನ್ನ ಜೊತೆಯಲ್ಲಿರಬೇಕೆಂಬುದು ಅವನ ಇಚ್ಛೆ.

ಇಲ್ಲಿ ರೋಗಳ ಶಕ್ತಿಯ ಸ್ವರೂಪವನ್ನು ತಿಳಿಯುವುದು ಅವಶ್ಯ. ಅವಳ ಬರಿಮೈ ಸೋಕಿದರೆ ಸೋಕಿದವರ ಚೈತನ್ಯ, ಶಕ್ತಿ, ನೆನಪುಗಳು ಅವಳೊಳಗೆ ಹರಿದುಬರುತ್ತವೆ, ಸೋಕಿದವರು ಕುಸಿಯುತ್ತಾರೆ. ಆದ್ದರಿಂದ ಅವಳಿಗೂ ಗ್ಯಾಂಬಿಟ್‌ಗೂ ನಡುವಿನ ಪ್ರೇಮ ಮೊದಲಿನಿಂದಲೂ ಸ್ಪರ್ಶವಂಚಿತ. ಮ್ಯಾಗ್ನೀಟೊ ಮಾತ್ರ ತನ್ನ ಕಾಂತಶಕ್ತಿಯ ಬಲದಿಂದ ಅವಳನ್ನು ಮುಟ್ಟಬಲ್ಲ. ಸಮಾರಂಭದ ನೃತ್ಯದಲ್ಲಿ ಅವಳು ಮ್ಯಾಗ್ನೀಟೊನೊಡನೆ ಕುಣಿಯುತ್ತಾಳೆ. ಕೊನೆಗೆ ಚರ್ಮಕ್ಕಿಂತ ಆಳವಾದುದೊಂದು ಉಂಟೆಂದು ಕಂಡುಕೊಂಡು ಅವನ ಕೋರಿಕೆಯನ್ನು ನಿರಾಕರಿಸುತ್ತಾಳೆ. ಅವಳ ಮನಸ್ಸು ಗ್ಯಾಂಬಿಟ್‌ನೆಡೆಗೆ ತಿರುಗಿದ ಆ ಕ್ಷಣದಲ್ಲಿಯೇ ಮೂರು ತಲೆಗಳ ದೈತ್ಯಾಕಾರದ ಸೆಂಟಿನೆಲ್ ಯಂತ್ರವೊಂದು ಎರಗುತ್ತದೆ, ನಗರ ಸ್ಮಶಾನವಾಗುತ್ತದೆ. ಲೀಚ್ ಎಂಬ ಬಾಲಕನನ್ನೂ ಇತರರನ್ನೂ ಕಾಪಾಡಲೆತ್ನಿಸಿದ ಮ್ಯಾಗ್ನೀಟೊ ಬೆಂಕಿಯಲ್ಲಿ ಮರೆಯಾಗುತ್ತಾನೆ. ಯಂತ್ರದ ಲೋಹಬಾಹು ಗ್ಯಾಂಬಿಟ್‌ನ ಒಡಲನ್ನು ಭೇದಿಸುತ್ತದೆ. ಮುಟ್ಟಿದ ವಸ್ತುವಿನಲ್ಲಿ ಸ್ಫೋಟಕ ಶಕ್ತಿಯನ್ನು ತುಂಬಬಲ್ಲ ಅವನು, ತನ್ನನ್ನು ಇರಿದ ಅಂಗದ ಮೂಲಕವೇ ಆ ಯಂತ್ರಕ್ಕೆಲ್ಲ ಶಕ್ತಿಯನ್ನು ಹರಿಸಿ, ತನ್ನ ಹೆಸರನ್ನು ನೆನಪಿಟ್ಟುಕೊಳ್ಳುವಂತೆ ಹೇಳಿ, ಅದರೊಡನೆ ತಾನೂ ಇಲ್ಲವಾಗುತ್ತಾನೆ. ಕಂತಿನ ಹೆಸರು ಈ ಮಾತಿನಿಂದಲೇ ಬಂದದ್ದು.

ಕಂತಿನ ಕೊನೆಯಲ್ಲಿ ರೋಗ್ ಶವವನ್ನು ಅಪ್ಪಿ ಅವನ ಕೆನ್ನೆಯನ್ನು ಮುಟ್ಟುತ್ತಾಳೆ. ಅವಳೊಳಗೆ ಏನೂ ಹರಿದುಬರುವುದಿಲ್ಲ. ಅವನು ತನ್ನ ಅನುಭವಕ್ಕೇ ಬರುತ್ತಿಲ್ಲವೆಂಬ ಅರ್ಥದ ಒಂದು ಸಣ್ಣ ಮಾತನ್ನಷ್ಟೇ ಅವಳು ಆಡುತ್ತಾಳೆ. ಬದುಕಿದ್ದಾಗ ನಿಷಿದ್ಧವಾಗಿದ್ದ ಸ್ಪರ್ಶ ಸತ್ತ ಮೇಲೆ ನಿರಪಾಯವಾಗಿದೆ. ಆ ನಿರಪಾಯವೇ ಮರಣದ ಪ್ರಮಾಣ. ಅವಳ ಅನುಭಾವವೇ ಇಲ್ಲಿ ವಿಭಾವದ ಸತ್ಯವನ್ನು ಸ್ಥಾಪಿಸುತ್ತದೆ. ಈ ಸಂವಿಧಾನದ ಬಿಗಿಯನ್ನು ಗಮನಿಸಿದರೆ ಕಂತು ನೋಡುಗರನ್ನು ಕಲಕಿದುದು ಕೇವಲ ಸಾವಿನ ಆಘಾತದಿಂದಲ್ಲ ಎಂಬುದು ಸ್ಪಷ್ಟವಾಗುತ್ತದೆ.

4. ಪ್ರತಿಕ್ರಿಯೆಯ ನಾಲ್ಕು ಧಾಟಿಗಳು

ಕಂತಿಗೆ ದೊರೆತ ಸ್ವಾಗತ ವ್ಯಾಪಕವಾದುದು. 2024ರ ಎಮ್ಮಿ ಪ್ರಶಸ್ತಿಗಳಲ್ಲಿ ಧಾರಾವಾಹಿಯು ಅತ್ಯುತ್ತಮ ಅನಿಮೇಶನ್ ಕಾರ್ಯಕ್ರಮದ ವಿಭಾಗಕ್ಕೆ ನಾಮನಿರ್ದೇಶನಗೊಂಡುದು ಈ ಕಂತಿನ ಮೂಲಕವೇ. ವಿಮರ್ಶಕರ ಹಾಗೂ ಸಾಮಾನ್ಯ ನೋಡುಗರ ಪ್ರತಿಕ್ರಿಯೆಗಳನ್ನು ಒಟ್ಟಾಗಿ ನೋಡಿದಾಗ ಅವುಗಳಲ್ಲಿ ನಾಲ್ಕು ಧಾಟಿಗಳನ್ನು ಗುರುತಿಸಬಹುದು.

ಮೊದಲನೆಯದು ಶುದ್ಧ ಶೋಕದ ಧಾಟಿ. ಗ್ಯಾಂಬಿಟ್ ಸತ್ತನೆಂದು ಒಪ್ಪಿ, ಅವನೊಡನೆ ತಮ್ಮ ಬಾಲ್ಯದ ಒಂದು ಭಾಗವೇ ಹೋಯಿತೆಂದು ದುಃಖಿಸಿದವರು ಈ ಬಗೆಯವರು. ಎರಡನೆಯದು ನಿರಾಕರಣೆಯ ಧಾಟಿ. ಕಾಮಿಕ್ಸ್‌ನ ಪೂರ್ವಕಥೆಗಳನ್ನು ಆಧಾರವಾಗಿಟ್ಟುಕೊಂಡು ಅವನು ಮರಳುವ ಹಾದಿಯನ್ನು ಲೆಕ್ಕಹಾಕಿದವರು ಇಲ್ಲಿ ಸೇರುತ್ತಾರೆ. 2006ರ ಕಾಮಿಕ್ಸ್ ಕಥೆಯಲ್ಲಿ ಗ್ಯಾಂಬಿಟ್ ಖಳನಾಯಕ ಅಪೋಕ್ಯಾಲಿಪ್ಸ್‌ನ ‘ಮರಣ’ವೆಂಬ ಸವಾರನಾಗಿ ಮಾರ್ಪಟ್ಟಿದ್ದುದು ಅವರ ಮುಖ್ಯ ಆಧಾರ. ಮೂರನೆಯದು ರಾಜಕೀಯ ಧಾಟಿ. ಸಹಬಾಳ್ವೆಯ ಆದರ್ಶ ಸೋತಿತು, ಮ್ಯಾಗ್ನೀಟೊನ ಮಾತೇ ನಿಜವಾಯಿತು ಎಂಬುದು ಇದರ ತಿರುಳು. ಮ್ಯಾಗ್ನೀಟೊ ಹೇಳಿದ್ದು ಸರಿ ಎಂಬ ಘೋಷಣೆ ಈ ಶತಮಾನದ ಆರಂಭದ ಕಾಮಿಕ್ಸ್‌ನಲ್ಲಿ ಹುಟ್ಟಿ ಓದುಗರಲ್ಲಿ ಹಬ್ಬಿದ್ದಿತು. ಮೇ 1ರಂದು ಬಂದ ಎಂಟನೆಯ ಕಂತಿನಲ್ಲಿ ಅದೇ ಮಾತನ್ನು ಧಾರಾವಾಹಿಯ ಪಾತ್ರವೊಂದರ ಬಾಯಿಂದ ಹೇಳಿಸಲಾಗಿದೆ. ನಾಲ್ಕನೆಯದು ಸ್ವಾನುಭವದ ಧಾಟಿ. ತಾವು ಬದುಕಿನಲ್ಲಿ ಕಂಡ ಹಿಂಸಾಕಾಂಡಗಳ ನೆನಪಿನೊಡನೆ ಕಂತನ್ನು ಬೆಸೆದು ನೋಡಿದವರದು ಈ ಧಾಟಿ.

ಈ ನಾಲ್ಕೂ ಬೇರೆ ಬೇರೆ ನೋಡುಗರವೆಂದು ತಿಳಿಯಬೇಕಾಗಿಲ್ಲ. ಒಬ್ಬನೇ ನೋಡುಗನು ಅಳುತ್ತಲೇ ಮರುಬರವಿನ ಲೆಕ್ಕವನ್ನೂ ಹಾಕಬಲ್ಲ. ಮೇಲ್ನೋಟಕ್ಕೆ ಇದು ವಿರೋಧಾಭಾಸ. ಮರಳುವನೆಂದು ನಂಬಿದರೆ ಅಳುವೇಕೆ? ಅಳುವುದು ನಿಜವಾದರೆ ನಂಬಿಕೆಯೇಕೆ? ಈ ತೊಡಕನ್ನು ಬಿಡಿಸಲು ಕರುಣ ಮತ್ತು ವಿಪ್ರಲಂಭಗಳ ವಿವೇಚನೆ ನೆರವಾಗುತ್ತದೆ.

5. ನಿರಪೇಕ್ಷ ಮತ್ತು ಸಾಪೇಕ್ಷ

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ಕರುಣ ಹಾಗೂ ವಿಪ್ರಲಂಭ ಶೃಂಗಾರಗಳ ಭೇದವನ್ನು ಹೇಳುತ್ತಾನೆ. ಚಿಂತೆ, ನಿರ್ವೇದ, ವ್ಯಾಧಿ, ಉನ್ಮಾದಗಳಂಥ ಭಾವಗಳು ಎರಡರಲ್ಲಿಯೂ ತೋರುವುದರಿಂದ ಅವುಗಳನ್ನು ಬೇರ್ಪಡಿಸುವುದು ಹೇಗೆಂಬ ಪ್ರಶ್ನೆಗೆ ಅವನ ಉತ್ತರ ಸರಳವಾದುದು: ಕರುಣವು ನಿರಪೇಕ್ಷ, ವಿಪ್ರಲಂಭವು ಸಾಪೇಕ್ಷ. ಪುನರ್ಮಿಲನದ ಆಸೆ ಅಳಿದಲ್ಲಿ ಕರುಣ; ಅದು ಉಳಿದಲ್ಲಿ ವಿಪ್ರಲಂಭ. ಹೊರಗೆ ಕಾಣುವ ಕಣ್ಣೀರು ಎರಡರಲ್ಲಿಯೂ ಒಂದೇ.

ಸಾವೂ ಸಂಭವಿಸಿ ನಿರೀಕ್ಷೆಯೂ ಉಳಿದಲ್ಲಿ ಯಾವ ರಸ? ಈ ಪ್ರಶ್ನೆಯನ್ನು ಮುಂದಿನ ಆಲಂಕಾರಿಕರು ಎದುರಿಸಬೇಕಾಯಿತು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ‘ಕರುಣವಿಪ್ರಲಂಭ’ವೆಂಬ ಭೇದವನ್ನು ವಿವರಿಸಿ, ಬಾಣನ ‘ಕಾದಂಬರಿ’ಯ ಪುಂಡರೀಕ-ಮಹಾಶ್ವೇತೆಯರ ವೃತ್ತಾಂತವನ್ನು ಉದಾಹರಿಸುತ್ತಾನೆ. ಒಂದನೆಯ ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯ ಮೂಲಕ ಕನ್ನಡದ ಓದುಗರಿಗೆ ಈ ವೃತ್ತಾಂತ ಚಿರಪರಿಚಿತ. ವಿರಹದಿಂದ ಪುಂಡರೀಕನು ಅಸುನೀಗುತ್ತಾನೆ. ಮಹಾಶ್ವೇತೆ ಸಹಗಮನಕ್ಕೆ ಸಿದ್ಧಳಾಗುತ್ತಾಳೆ. ಆಗ ದಿವ್ಯಪುರುಷನೊಬ್ಬನು ಇಳಿದುಬಂದು, ಮತ್ತೆ ಸಮಾಗಮವುಂಟೆಂದು ನುಡಿದು ಶವವನ್ನೊಯ್ಯುತ್ತಾನೆ. ಆ ದಿವ್ಯವಾಣಿ ಕೇಳಿಬರುವವರೆಗೆ ಅಲ್ಲಿರುವುದು ಕರುಣವೇ, ಅನಂತರವಷ್ಟೇ ಸಮಾಗಮದ ಆಸೆಯಿಂದ ಶೃಂಗಾರವೆಂಬ ಮತವನ್ನೂ ವಿಶ್ವನಾಥನು ದಾಖಲಿಸಿದ್ದಾನೆ. ಒಂದು ಮಾತು ಕಿವಿಗೆ ಬಿದ್ದ ಕ್ಷಣದಲ್ಲಿ ಅದೇ ಕಣ್ಣೀರಿನ ರಸ ಬದಲಾಗುತ್ತದೆ ಎಂಬುದು ಇದರ ತಾತ್ಪರ್ಯ.

ಈ ಚರ್ಚೆಯಲ್ಲಿ ನಿರೀಕ್ಷೆಯ ನೆಲೆ ಪಾತ್ರವೇ. ಆಸೆಯಿರುವುದು ಮಹಾಶ್ವೇತೆಗೆ, ಅವಳ ಮೂಲಕ ಓದುಗನಿಗೆ. ಪಾತ್ರಕ್ಕೂ ನೋಡುಗನಿಗೂ ತಿಳಿವಿನಲ್ಲಿ ಅಂತರವಿರುವ ಕೃತಿಗಳೂ ಇಲ್ಲದಿಲ್ಲ. ಭವಭೂತಿಯ ‘ಉತ್ತರರಾಮಚರಿತ’ದಲ್ಲಿ ಸೀತೆ ಇಲ್ಲವಾದಳೆಂದೇ ರಾಮನು ಶೋಕಿಸುತ್ತಾನೆ, ಅವಳು ಬದುಕಿರುವುದನ್ನು ಪ್ರೇಕ್ಷಕರು ಬಲ್ಲರು. ಆದರೆ ಅಲ್ಲಿ ಆ ತಿಳಿವನ್ನು ಕವಿಯೇ ಕೊಟ್ಟಿದ್ದಾನೆ. ‘ರಿಮೆಂಬರ್ ಇಟ್’ ಕಂತಿನಲ್ಲಿ ಪರಿಸ್ಥಿತಿ ಬೇರೆ. ರೋಗಳ ಶೋಕ ಪೂರ್ಣವಾಗಿ ನಿರಪೇಕ್ಷವಾದುದು. ಅವಳ ಸ್ಪರ್ಶವೇ ಮರಣವನ್ನು ಖಚಿತಪಡಿಸಿದೆ. ಕಂತಿನೊಳಗೆ ಯಾವ ದಿವ್ಯವಾಣಿಯೂ ಇಲ್ಲ. ಆದರೂ ನೋಡುಗರಲ್ಲಿ ಅನೇಕರು ಸಾಪೇಕ್ಷಭಾವದಿಂದಲೇ ನೋಡಿದರು. ಅವರಿಗೆ ಈ ಅಪೇಕ್ಷೆಯನ್ನು ಕೊಟ್ಟುದು ಕಂತಲ್ಲ, ಕಥಾಪ್ರಕಾರದ ಪರಿಚಯ. ಈ ಬಗೆಯ ನೋಡುಗನು ದಿವ್ಯವಾಣಿಯನ್ನು ತನ್ನೊಡನೆಯೇ ಹೊತ್ತು ತರುತ್ತಾನೆ.

ಈ ಪರಿಚಯ ಏಕಾಏಕಿ ಬಂದುದಲ್ಲ. ಓದುಗರು ಶೋಕಿಸಿ, ನಿರಾಕರಿಸಿ, ಕೊನೆಗೆ ನಾಯಕನನ್ನು ಮರಳಿ ಪಡೆದ ಪ್ರಸಂಗಗಳಲ್ಲಿ ಷರ್ಲಾಕ್ ಹೋಮ್ಸ್‌ನದು ಪ್ರಸಿದ್ಧವಾದುದು. ಕಾನನ್ ಡಾಯಲ್ 1893ರಲ್ಲಿ ಕೊಂದ ನಾಯಕನನ್ನು 1903ರಲ್ಲಿ ಬದುಕಿಸಬೇಕಾಯಿತು. 1992ರ ನವೆಂಬರ್‌ನಲ್ಲಿ ಮಡಿದ ಸೂಪರ್‌ಮ್ಯಾನ್ ಮರುವರ್ಷವೇ ಹಿಂತಿರುಗಿದ. ಎಕ್ಸ್‌ಮೆನ್ ಧಾರಾವಾಹಿಯ ಚರಿತ್ರೆಯೇ ಇದಕ್ಕೆ ಇನ್ನೂ ಹತ್ತಿರದ ಸಾಕ್ಷಿ. 1992ರ ಪ್ರಾರಂಭದ ಕಥೆಯಲ್ಲಿಯೇ, ಅಪಾಯ ನಿಜವಾದುದೆಂದು ಮನಗಾಣಿಸಲು ಮಾರ್ಫ್ ಎಂಬ ಪಾತ್ರವನ್ನು ಕೊಲ್ಲಲಾಗಿತ್ತು. ನೋಡುಗರು ಅವನನ್ನು ಮೆಚ್ಚಿಕೊಂಡುದರಿಂದ ಎರಡನೆಯ ಆವೃತ್ತಿಯಲ್ಲಿ ಅವನನ್ನು ಮರಳಿ ತರಲಾಯಿತು. ‘ಎಕ್ಸ್‌ಮೆನ್ ’97’ರಲ್ಲಿ ಅವನು ತಂಡದ ಖಾಯಂ ಸದಸ್ಯ. ಗ್ಯಾಂಬಿಟ್‌ಗಾಗಿ ಶೋಕಿಸಿದ ನೋಡುಗನ ಕಣ್ಣೆದುರಿಗೆ, ಹಿಂದೊಮ್ಮೆ ತನ್ನಂಥವರ ಒಲವಿನಿಂದ ಬದುಕಿಬಂದ ಪಾತ್ರವೊಂದು ಓಡಾಡುತ್ತಿತ್ತು.

ಕಂತಿನ ನಂತರದ ಕಥಾಗತಿಯೂ ಇದೇ ಪಾಠವನ್ನು ಮುಂದುವರಿಸಿತು. ಏಪ್ರಿಲ್ 17ರ ಆರನೆಯ ಕಂತು ಜೆನೋಶಾದ ದುರಂತವನ್ನು ಅಲ್ಲಿಗೇ ಬಿಟ್ಟು, ಸತ್ತನೆನ್ನಲಾದ ಝೇವಿಯರ್ ದೂರದ ಷಿಯಾರ್ ಸಾಮ್ರಾಜ್ಯದಲ್ಲಿ ಬದುಕಿರುವುದನ್ನು ತೋರಿಸಿತು. ಏಪ್ರಿಲ್ 24ರ ಏಳನೆಯ ಕಂತು ಗ್ಯಾಂಬಿಟ್‌ನ ಅಂತ್ಯಕ್ರಿಯೆಯನ್ನು ಚಿತ್ರಿಸಿತು. ಅದೇ ಕಂತಿನ ಕೊನೆಗೆ ಮ್ಯಾಗ್ನೀಟೊ ಸೆರೆಯಲ್ಲಿ ಬದುಕಿರುವನೆಂದು ತಿಳಿದುಬಂತು. ಮೇ 15ರ ಕೊನೆಯ ಕಂತು ಮುಗಿದ ಮೇಲೆ ಬರುವ ತುಣುಕಿನಲ್ಲಿ ಅಪೋಕ್ಯಾಲಿಪ್ಸ್ ಜೆನೋಶಾದ ಅವಶೇಷಗಳ ನಡುವೆ ಗ್ಯಾಂಬಿಟ್‌ನ ಇಸ್ಪೀಟೆಲೆಯೊಂದನ್ನು ಎತ್ತಿಕೊಳ್ಳುತ್ತಾನೆ. ಆ ಇಸ್ಪೀಟೆಲೆಯೇ ಈ ಕಥೆಯ ದಿವ್ಯವಾಣಿ. ಐದು ವಾರಗಳ ಕಾಲ ನಿರಪೇಕ್ಷವಾಗಿ ಶೋಕಿಸಿದವನ ಭಾವವೂ ಅದನ್ನು ಕಂಡ ಕ್ಷಣದಿಂದ ಸಾಪೇಕ್ಷವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ವಿಪ್ರಲಂಭದ ಸ್ಥಾಯಿ ರತಿ; ನೋಡುಗನಿಗೆ ಪಾತ್ರದ ಮೇಲಿರುವುದು ರತಿಯಲ್ಲ, ಹೆಚ್ಚೆಂದರೆ ಸ್ನೇಹ. ಆದ್ದರಿಂದ ಅವನ ಅನುಭವವನ್ನು ವಿಪ್ರಲಂಭವೆನ್ನುವುದು ಶಾಸ್ತ್ರಸಮ್ಮತವಲ್ಲ. ಆಕ್ಷೇಪ ಯುಕ್ತವಾದುದೇ. ಆದರೆ ಲೇಖನದಲ್ಲಿ ಬಳಸಿಕೊಂಡಿರುವುದು ವಿಪ್ರಲಂಭದ ಸ್ಥಾಯಿಯನ್ನಲ್ಲ, ಭರತನು ಅದನ್ನು ಗುರುತಿಸಲು ಬಳಸಿದ ಅಪೇಕ್ಷೆಯೆಂಬ ಮಾನದಂಡವನ್ನು. ನೋಡುಗನ ಅನುಭವ ಕರುಣವೇ ಆದರೂ ಅದು ಸಾಪೇಕ್ಷವಾದ ಕರುಣ. ಶಾಸ್ತ್ರವು ಇಂಥ ಒಂದು ಭೇದವನ್ನು ಪ್ರತ್ಯೇಕವಾಗಿ ಹೆಸರಿಸಲಿಲ್ಲ. ಮುಗಿಯುವ ಕಾವ್ಯಗಳ ನಡುವೆ ಅದರ ಅಗತ್ಯ ಬೀಳಲಿಲ್ಲವೆಂದು ಊಹಿಸಬಹುದು.

ಕುಮಾರವ್ಯಾಸನ ಅಭಿಮನ್ಯುವಧೆಯನ್ನು ಗಮಕದಲ್ಲಿ ಕೇಳುವವರಿಗೆ ಸಾವು ಮೊದಲೇ ಗೊತ್ತು; ಅದು ಅಂತಿಮವೆಂದೂ ಗೊತ್ತು. ಆ ಖಚಿತತೆಯಲ್ಲಿಯೇ ಶೋಕ ಮಾಗುತ್ತದೆ. ಧಾರಾವಾಹಿಯ ನೋಡುಗನಿಗೆ ಸಾವು ಮೊದಲೇ ಗೊತ್ತಿರುವುದಿಲ್ಲ. ಸಂಭವಿಸಿದ ಮೇಲೂ ಅದು ಅಂತಿಮವೆಂಬ ಭರವಸೆಯಿರುವುದಿಲ್ಲ. ಸೂಪರ್‌ಮ್ಯಾನ್ ಕುರಿತ ತನ್ನ ಪ್ರಸಿದ್ಧ ಪ್ರಬಂಧದಲ್ಲಿ (1962) ಉಂಬರ್ಟೋ ಎಕೋ ಇಂಥ ನಾಯಕನ ಇಕ್ಕಟ್ಟನ್ನು ವಿಶ್ಲೇಷಿಸಿದ್ದಾನೆ. ಕಾದಂಬರಿಯ ನಾಯಕನಂತೆ ಇವನು ಕಾಲದಲ್ಲಿ ಬಾಳಬೇಕು. ಪುರಾಣಪುರುಷನಂತೆ ಎಂದಿಗೂ ಸವೆಯದೆಯೂ ಇರಬೇಕು. ಪ್ರತಿಯೊಂದು ಕಾರ್ಯವೂ ಅವನನ್ನು ಮರಣದೆಡೆಗೆ ಒಂದು ಹೆಜ್ಜೆ ಒಯ್ಯುವುದರಿಂದ ಕಥೆಯು ಕಾಲವನ್ನೇ ಮಸುಕುಗೊಳಿಸುತ್ತದೆ. ‘ರಿಮೆಂಬರ್ ಇಟ್’ ಕಂತು ಆ ಮಸುಕನ್ನು ಸರಿಸಿ, ಮೂವತ್ತು ವರ್ಷ ಸವೆಯದಿದ್ದ ನಾಯಕನನ್ನು ಒಮ್ಮೆಲೇ ಕಾಲಕ್ಕೆ ಒಪ್ಪಿಸಿತು. ತೀವ್ರ ಶೋಕಕ್ಕೂ ನಿರಾಕರಣೆಗೂ ಇದೇ ಸಮಾನ ಮೂಲ.

ವಾರದ ಬಿಡುವಿನ ಪಾತ್ರವನ್ನೂ ಇಲ್ಲಿ ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ಧಾರಾವಾಹಿ ಕಾದಂಬರಿಗಳಲ್ಲಿ ಕಂತುಗಳ ನಡುವಿನ ಅಂತರವೇ ಓದುಗನ ಕಲ್ಪನೆಯನ್ನು ಕೆರಳಿಸಿ ಅವನನ್ನು ಸಹಕರ್ತೃವನ್ನಾಗಿಸುತ್ತದೆ ಎಂದು ವೋಲ್ಫ್‌ಗ್ಯಾಂಗ್ ಈಸರ್ ಗುರುತಿಸಿದ್ದಾನೆ. ಹತ್ತೂ ಕಂತುಗಳು ಒಟ್ಟಿಗೆ ದೊರೆತಿದ್ದರೆ ಗ್ಯಾಂಬಿಟ್‌ನ ಮರಣ ಕೆಲವೇ ನಿಮಿಷಗಳಲ್ಲಿ ಮುಂದಿನ ಘಟನೆಗೆ ಎಡೆಮಾಡಿಕೊಡುತ್ತಿತ್ತು. ವಾರದ ವಿರಾಮ ಅದನ್ನು ನೋಡುಗನ ಬದುಕಿನ ಕಾಲದೊಳಗೆ ತಂದಿರಿಸಿತು. ಆರನೆಯ ಕಂತೂ ಜೆನೋಶಾದಿಂದ ಮುಖ ತಿರುಗಿಸಿದಾಗ ವಿರಾಮ ಇಮ್ಮಡಿಯಾಯಿತು. ಶೋಕಕ್ಕೂ ಲೆಕ್ಕಾಚಾರಕ್ಕೂ ಎರಡು ವಾರಗಳ ಅವಕಾಶ ದೊರೆಯಿತು.

6. ಸ್ವಂತ ದುಃಖ: ವಾಸನೆಯೋ ವಿಘ್ನವೋ

ನಾಲ್ಕನೆಯ ಧಾಟಿಯ ಪ್ರತಿಕ್ರಿಯೆ ಇನ್ನೊಂದು ತಾತ್ತ್ವಿಕ ಸಮಸ್ಯೆಯನ್ನು ಎತ್ತುತ್ತದೆ. ಕಂತಿನ ಲೇಖಕ ಬೋ ಡಿಮೇಯೊ ಅವರು ಮೊದಲ ಕಂತು ಬಿಡುಗಡೆಯಾಗುವ ಮುನ್ನವೇ ಧಾರಾವಾಹಿಯಿಂದ ಬೇರ್ಪಟ್ಟಿದ್ದರು. ಆದರೂ ಈ ಕಂತು ಬಂದೊಡನೆ ತಮ್ಮ ಆಶಯವನ್ನು ಸಾರ್ವಜನಿಕವಾಗಿ ವಿವರಿಸಿದರು. ಮೂಲ ಧಾರಾವಾಹಿಯನ್ನು ನೋಡಿ ಬೆಳೆದ ಪೀಳಿಗೆ ದೊಡ್ಡದಾಗುತ್ತ 2001ರ ಸೆಪ್ಟೆಂಬರ್ 11ರ ದಾಳಿಯಂಥ ಘಟನೆಗಳನ್ನು ಕಂಡಿತು. ಎಕ್ಸ್‌ಮೆನ್ ಕೂಡ ಅಂಥ ಆಘಾತದ ಮೂಲಕ ಹಾದು ಬೆಳೆಯಬೇಕು ಎಂಬುದು ಅವರ ಮಾತಿನ ಸಾರ. 2016ರ ಜೂನ್ 12ರಂದು ಓರ್ಲ್ಯಾಂಡೊ ನಗರದ ಪಲ್ಸ್ ನೃತ್ಯಶಾಲೆಯಲ್ಲಿ 49 ಜನರು ಹತರಾದ ಘಟನೆಯನ್ನೂ ಅವರು ಹೆಸರಿಸಿದರು. ಸಂಭ್ರಮದ ನೃತ್ಯ ನರಮೇಧವಾಗಿ ಮಾರ್ಪಡುವ ಕಂತಿನ ರಚನೆಯ ಹಿಂದೆ ಈ ನೆನಪಿದೆ. ನಿಜಜೀವನದಲ್ಲಿ ಎಷ್ಟೋ ಕಥೆಗಳು ಅರ್ಧದಲ್ಲೇ ಕಡಿದುಹೋಗುತ್ತವೆ. ಗ್ಯಾಂಬಿಟ್‌ನದೂ ಹಾಗೆಯೇ ಎಂಬುದು ಅವರ ಸಮರ್ಥನೆ.

ಅಂದರೆ ಕರ್ತೃವು ನೋಡುಗನ ಸ್ವಂತ ಗಾಯವನ್ನೇ ಉದ್ದೇಶಪೂರ್ವಕವಾಗಿ ಮುಟ್ಟಿದ್ದಾನೆ. ರಸಸಿದ್ಧಾಂತದ ದೃಷ್ಟಿಯಲ್ಲಿ ಇದು ಅಪಾಯದ ಹಾದಿ. ಅನುಭವವನ್ನು ‘ಸ್ವಗತ’ವೆಂದು, ಅಂದರೆ ತನ್ನದೇ ಎಂದು ತಿಳಿಯುವುದು, ಹಾಗೆಯೇ ನಿಜಜೀವನದ ಸುಖದುಃಖಗಳಿಗೆ ವಶನಾಗುವುದು, ಇವೆರಡನ್ನೂ ಅಭಿನವಗುಪ್ತನು ರಸವಿಘ್ನಗಳಲ್ಲಿ ಎಣಿಸುತ್ತಾನೆ. ದೇಶಕಾಲಗಳ ಕಟ್ಟನ್ನು ಕಳಚಿ ಭಾವವು ಸಾಧಾರಣೀಕರಣಗೊಂಡಾಗಲೇ ಅದು ಆಸ್ವಾದ್ಯ. ತನ್ನವರನ್ನು ಕಳೆದುಕೊಂಡವನಿಗೆ ಕಂತು ಆ ದುಃಖವನ್ನೇ ಮರುಕಳಿಸಿದರೆ ಅದು ಲೌಕಿಕ ಶೋಕ, ಕರುಣರಸವಲ್ಲ.

ಆದರೆ ಕಂತು ಹೆಸರಿನ ಯಾವುದೇ ಲೌಕಿಕ ಘಟನೆಯನ್ನು ಚಿತ್ರಿಸಿಲ್ಲ ಎಂಬುದು ಇಲ್ಲಿ ನಿರ್ಣಾಯಕ. ಜೆನೋಶಾ ಯಾವ ಭೂಪಟದಲ್ಲಿಯೂ ಇಲ್ಲ; ಮೂರು ತಲೆಯ ಯಂತ್ರ ಯಾವ ಹಂತಕನನ್ನೂ ಹೋಲುವುದಿಲ್ಲ. ಈ ಕಲ್ಪಿತತೆಯೇ ಸಾಧಾರಣೀಕರಣದ ಉಪಕರಣ. ಒಬ್ಬನು ನ್ಯೂಯಾರ್ಕನ್ನು, ಇನ್ನೊಬ್ಬನು ಓರ್ಲ್ಯಾಂಡೊವನ್ನು ನೆನೆದರೂ ಇಬ್ಬರೂ ಒಟ್ಟಿಗೆ ಅಳುವುದು ಎರಡೂ ಅಲ್ಲದ ಒಂದು ನಗರಕ್ಕಾಗಿ. ಅನಿಮೇಶನ್ನಿನ ಅವಾಸ್ತವಿಕತೆಯನ್ನು ದೋಷವೆಂದು ಎಣಿಸುವವರು ಈ ಗುಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದೇ ಕಥೆಯನ್ನು ನೈಜ ಘಟನೆಯ ಪುನರ್ನಿರ್ಮಾಣವಾಗಿ ತೋರಿಸಿದ್ದರೆ ವಿಘ್ನ ಬಲವಾಗುತ್ತಿತ್ತು.

7. ಒಬ್ಬನ ಮರಣ, ಬಹುಜನರ ಮರಣ

ಇಷ್ಟಾದರೂ ಪ್ರತಿಕ್ರಿಯೆಗಳಲ್ಲಿ ಒಂದು ಅಸಮತೋಲ ಉಳಿಯುತ್ತದೆ. ಜೆನೋಶಾದ ವಿನಾಶವು ಗ್ರ್ಯಾಂಟ್ ಮಾರಿಸನ್ ಅವರು ಬರೆದ 2001ರ ಕಾಮಿಕ್ಸ್ ಕಥೆಯಿಂದ ಬಂದದ್ದು. ಅಲ್ಲಿ ಸತ್ತವರ ಸಂಖ್ಯೆ 1 ಕೋಟಿ 60 ಲಕ್ಷ. ಕಂತಿನಲ್ಲಿಯೂ ಮಡಿಯುವುದು ಇಡೀ ನಗರ. ನೋಡುಗರ ಶೋಕವಾದರೋ ಬಹುಪಾಲು ಒಬ್ಬನಿಗೆ ಮೀಸಲಾಯಿತು. ಆಲಂಬನವಿಭಾವವು ವ್ಯಕ್ತಿರೂಪವಾಗಿ ನಿಲ್ಲದೆ ಭಾವ ಉದ್ದೀಪ್ತವಾಗದು ಎಂಬುದು ಇದಕ್ಕೆ ಶಾಸ್ತ್ರದ ವಿವರಣೆ. ಆದರೆ ಮರುಬರವಿನ ನಿರೀಕ್ಷೆಯನ್ನು ಇದರೊಡನೆ ಇರಿಸಿದಾಗ ಹೆಚ್ಚಿನದೊಂದು ಸಂಗತಿ ಗೋಚರಿಸುತ್ತದೆ. ಝೇವಿಯರ್, ಮ್ಯಾಗ್ನೀಟೊ ಮರಳುತ್ತಾರೆ. ಗ್ಯಾಂಬಿಟ್‌ನ ಮರುಬರವಿಗೆ ಸೂಚನೆಯಿದೆ. ಹೆಸರಿಲ್ಲದ ಜೆನೋಶಾವಾಸಿಗಳು ಮರಳುವುದಿಲ್ಲ. ಅವರು ಮರಳಲೆಂದು ಯಾರೂ ಲೆಕ್ಕ ಹಾಕಲೂ ಇಲ್ಲ. ನಿಜವಾಗಿ ನಿರಪೇಕ್ಷವಾದ ಕರುಣಕ್ಕೆ ವಿಷಯವಾಗಬೇಕಾದವರು ಅವರೇ ಆಗಿದ್ದರು.

ಈ ಕೊರತೆಯನ್ನು ಒಂದಿಷ್ಟು ತುಂಬಿದುದು ಮೂರನೆಯ, ರಾಜಕೀಯ ಧಾಟಿಯ ಪ್ರತಿಕ್ರಿಯೆ. ಅದರ ವಿಷಯ ವ್ಯಕ್ತಿಯಲ್ಲ, ಜನಾಂಗ. ಧಾರಾವಾಹಿಯೂ ಈ ಧಾಟಿಗೆ ದಾರಿಮಾಡಿದೆ. ಏಳನೆಯ ಕಂತಿನಲ್ಲಿ ರೋಗ್ ಅಂತ್ಯಕ್ರಿಯೆಗೆ ಬಾರದೆ ಹಂತಕರ ಬೆನ್ನುಹತ್ತುತ್ತಾಳೆ. ಸೆಂಟಿನೆಲ್‌ಗಳ ನಿರ್ಮಾತೃ ಟ್ರಾಸ್ಕ್‌ನನ್ನು ಕಟ್ಟಡದ ಮೇಲಿಂದ ಬೀಳಗೊಡುತ್ತಾಳೆ. ಒಂಬತ್ತನೆಯ ಕಂತಿನಲ್ಲಿ ಮ್ಯಾಗ್ನೀಟೊನ ಪಕ್ಷವನ್ನು ಸೇರುತ್ತಾಳೆ. ಶೋಕವು ಕ್ರೋಧವಾಗಿ, ಕರುಣವು ರೌದ್ರವಾಗಿ ಮಾರ್ಪಡುವ ಈ ಪರಿ ಅಭಿಮನ್ಯುವಿನ ಮರಣಾನಂತರದ ಅರ್ಜುನನನ್ನು ನೆನಪಿಸುತ್ತದೆ. ಮ್ಯಾಗ್ನೀಟೊ ಹೇಳಿದ್ದು ಸರಿಯೆಂದ ನೋಡುಗರ ಚಿತ್ತದ ಚಲನೆಯೂ ಇದೇ ಜಾಡಿನಲ್ಲಿ ನಡೆದಿದೆ. ಆದರೆ ಝೇವಿಯರ್‌ನ ಆದರ್ಶವನ್ನು ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆಯನ್ನು ಕಥೆ ತೆರೆದೇ ಇಟ್ಟಿದೆ. ಈ ಪ್ರಶ್ನೆಯ ಮುಂದೆ ರಸಪರಿಭಾಷೆಯ ವ್ಯಾಪ್ತಿ ಮುಗಿದು ಸಮಾಜವಿಮರ್ಶೆಯದು ತೊಡಗುತ್ತದೆ.

8. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಜನಪ್ರಿಯ ಧಾರಾವಾಹಿಯ ನೋಡುಗನನ್ನು ಅಸಂಸ್ಕೃತನೆಂದು ದೂರವಿರಿಸುವುದು ಸಲ್ಲದು. ತಾನು ನೋಡುವ ಕಥಾಪ್ರಕಾರದ ಮಟ್ಟಿಗೆ ಅವನು ದೀರ್ಘ ಅನುಶೀಲನದಿಂದ ರೂಪುಗೊಂಡ ಸಹೃದಯ. ಎರಡನೆಯದಾಗಿ, ಮುಗಿಯದ ಕಥನದಲ್ಲಿ ನಿರಪೇಕ್ಷ-ಸಾಪೇಕ್ಷಗಳ ನಿರ್ಣಯ ಪಾತ್ರದ ಸ್ಥಿತಿಯಿಂದ ಮಾತ್ರವಲ್ಲದೆ ನೋಡುಗನ ಪೂರ್ವಪರಿಚಯದಿಂದಲೂ ಆಗುತ್ತದೆ. ಒಂದೇ ದೃಶ್ಯ ರೋಗಳಿಗೆ ನಿರಪೇಕ್ಷವಾಗಿದ್ದು ನೋಡುಗನಿಗೆ ಸಾಪೇಕ್ಷವಾಗಬಹುದು. ಇದು ರಸಭಂಗವಲ್ಲ, ಕರುಣದ ಒಂದು ಭೇದ. ಮೂರನೆಯದಾಗಿ, ಈ ನಿರೀಕ್ಷೆಗೆ ಬೆಲೆಯೂ ಉಂಟು. ಪ್ರಿಯನಾದವನು ಮರಳುವನೆಂಬ ಅಭ್ಯಾಸ ಬಲಿತಂತೆ, ಮರಳದವರಿಗಾಗಿ ಶೋಕಿಸುವ ಶಕ್ತಿ ಕುಗ್ಗುವ ಸಂಭವವಿದೆ.

ಕನ್ನಡದ ದೂರದರ್ಶನ ಧಾರಾವಾಹಿಗಳು, ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳು, ರಾತ್ರಿಯಿಡೀ ನಡೆಯುವ ಬಯಲಾಟಗಳು ತಮ್ಮ ತಮ್ಮ ನೋಡುಗರಲ್ಲಿ, ಓದುಗರಲ್ಲಿ ಯಾವ ಬಗೆಯ ಅಪೇಕ್ಷೆಗಳನ್ನು ಬೆಳೆಸಿವೆ ಎಂಬುದನ್ನು ಇದೇ ಮಾನದಂಡದಿಂದ ಪರಿಶೀಲಿಸಲು ಅವಕಾಶವಿದೆ. ಸಾವಿರ ವರ್ಷಗಳ ಹಿಂದೆ ಮಹಾಶ್ವೇತೆಯ ಕಣ್ಣೀರಿಗೆ ಕನ್ನಡದ ಮಾತು ಕೊಟ್ಟ ಸಾಹಿತ್ಯಕ್ಕೆ ಈ ಪ್ರಶ್ನೆ ಹೊರಗಿನದಲ್ಲ. ಸತ್ತವರು ಮರಳುವರೆಂಬ ಆಸೆಗೂ ಮರಳರೆಂಬ ಅರಿವಿಗೂ ನಡುವೆ ಕರುಣವು ಎಲ್ಲಿ ನಿಲ್ಲುತ್ತದೆ ಎಂಬುದು ಶಾಸ್ತ್ರಗ್ರಂಥಗಳಲ್ಲಿ ಮುಗಿದುಹೋದ ಚರ್ಚೆಯಲ್ಲ.